ಎಸ್‌ಎಂಪಿಎಸ್ ಫ್ಯಾನ್ ಅರಚುತ್ತಿದೆಯಾ? ತೆಂಗಿನೆಣ್ಣೆ ಬೇಡ, ಫ್ಯಾನೇ ಬದಲಿಸಿ

ಬೆಳಿಗ್ಗೆ ಕಂಪ್ಯೂಟರಿನ ಸ್ವಿಚ್ ಹಾಕಿದ ಕೂಡಲೇ ಗರ್ರ್ ಅಂತ ಶುರು. ಹತ್ತು ನಿಮಿಷ ಕಳೆದರೆ ತಾನಾಗಿಯೇ ಸುಮ್ಮನಾಗುತ್ತದೆ, ನೀವೂ ಸುಮ್ಮನಾಗುತ್ತೀರಿ. ಮರುವಾರ ಅರ್ಧ ಗಂಟೆ. ತಿಂಗಳು ಕಳೆಯುವಾಗ ಇಡೀ ದಿನ. ಕೊನೆಗೊಂದು ದಿನ ಶಬ್ದ ಪೂರ್ತಿ ನಿಲ್ಲುತ್ತದೆ. ಅಬ್ಬಾ, ಸರಿಯಾಯ್ತು ಅಂದುಕೊಳ್ಳುತ್ತೀರಿ. ಸರಿಯಾದದ್ದಲ್ಲ ಮಾರಾಯ್ರೇ, ಫ್ಯಾನ್ ನಿಂತದ್ದು. ಅದು ಗೊತ್ತಾಗುವುದು ಸುಟ್ಟ ವಾಸನೆ ಬಂದ ಮೇಲೆ.

ನಾನು ಬದಿಯಡ್ಕದ ಹತ್ತಿರ ಸಣ್ಣ ಮಟ್ಟದಲ್ಲಿ ಡಿಟಿಪಿ ಕೆಲಸ ಮಾಡುವವನು. ಮದುವೆ ಕಾಗದ, ಬ್ರಹ್ಮಕಲಶದ ಆಮಂತ್ರಣ, ಬಯಲಾಟದ ನೋಟೀಸು, ಇಂಥವು. ಕಂಪ್ಯೂಟರ್ ರಿಪೇರಿ ನನ್ನ ಕಸುಬಲ್ಲ. ಆದರೆ ಒಂದು ಫ್ಯಾನ್ ಹಾಳಾಯ್ತು ಅಂತ ಇಡೀ ಡಬ್ಬವನ್ನು ಬಸ್ಸಿನಲ್ಲಿ ಹೊತ್ತುಕೊಂಡು ಕಾಸರಗೋಡು ಪೇಟೆಗೋ ಮಂಗಳೂರಿಗೋ ಹೋಗಿ, "ನಾಳೆ ಬನ್ನಿ" ಅಂತ ಹೇಳಿಸಿಕೊಂಡು ವಾಪಸ್ ಬಂದು, ಅಷ್ಟರಲ್ಲಿ ನೋಟೀಸಿನವರು ಬಂದು ತಲೆ ತಿನ್ನುವುದು, ಇದೆಲ್ಲ ಸಾಕಾಗಿ ನಾನೇ ಕಲಿತೆ. ಇಷ್ಟರವರೆಗೆ ಐದಾರು ಫ್ಯಾನ್ ಬದಲಿಸಿದ್ದೇನೆ. ಎರಡು ಸಲ ಎಡವಟ್ಟು ಮಾಡಿಕೊಂಡಿದ್ದೇನೆ, ಅದನ್ನೂ ಹೇಳುತ್ತೇನೆ.

ಪವರ್ ಸಪ್ಲೈ ಅಂದರೂ ಎಸ್‌ಎಂಪಿಎಸ್ ಅಂದರೂ ಒಂದೇ. ಕ್ಯಾಬಿನೆಟ್ಟಿನ ಹಿಂದೆ, ಕರೆಂಟಿನ ವಯರ್ ಸಿಕ್ಕಿಸುತ್ತೇವಲ್ಲ, ಆ ಕಬ್ಬಿಣದ ಡಬ್ಬ. ಗೋಡೆಯಿಂದ ಬರುವ 230 ವೋಲ್ಟನ್ನು ಕಂಪ್ಯೂಟರಿಗೆ ಬೇಕಾದ 12, 5, 3.3 ವೋಲ್ಟ್‌ಗಳಾಗಿ ಮಾಡಿ ಕೊಡುವುದು ಅದರ ಕೆಲಸ. ಆ ಕೆಲಸದಲ್ಲಿ ಬಿಸಿಯಾಗುತ್ತದೆ, ಬಿಸಿಯನ್ನು ಹೊರಗೆ ಹಾಕಲು ಫ್ಯಾನ್. ಫ್ಯಾನ್ ಬದಲಿಸುವುದು ಇಪ್ಪತ್ತು ನಿಮಿಷದ ಕೆಲಸ. ಆದರೆ ಅದು ಕೂತಿರುವ ಡಬ್ಬ ಮಾತ್ರ ಆಟದ ಸಾಮಾನಲ್ಲ. ಹಾಗಾಗಿ ಕೆಳಗಿನದ್ದನ್ನು ಅವಸರದಲ್ಲಿ ಓದಬೇಡಿ. ಕೆಲಸವನ್ನೂ ಅವಸರದಲ್ಲಿ ಮಾಡಬೇಡಿ. ಮೊದಲೇ ಇನ್ನೊಂದು ಮಾತು: ವಾರಂಟಿ ಇನ್ನೂ ಇದ್ದರೆ ಬಿಚ್ಚಲೇಬೇಡಿ, ಸ್ಟಿಕ್ಕರ್ ಹರಿದರೆ ವಾರಂಟಿ ಹೋಯ್ತು, ಕೊಟ್ಟವರ ಹತ್ತಿರವೇ ಬದಲಿಸಿಕೊಳ್ಳಿ. ಕ್ಯಾಬಿನೆಟ್ ಜೊತೆ ಪುಕ್ಕಟೆ ಬಂದ, ಎತ್ತಿದರೆ ತೂಕವೇ ಇಲ್ಲದ ಡಬ್ಬ ಆಗಿದ್ದರೆ ಫ್ಯಾನಿಗೆ ಖರ್ಚು ಮಾಡುವುದು ದಂಡ ಅಂತ ನನ್ನ ಅಭಿಪ್ರಾಯ. ಹೊಸ ಎಸ್‌ಎಂಪಿಎಸ್ಸೇ ತನ್ನಿ.

ಮೊದಲು ಶಬ್ದ ಎಲ್ಲಿಂದ ಅಂತ ಖಚಿತ ಮಾಡಿಕೊಳ್ಳಬೇಕು. ಕಂಪ್ಯೂಟರಿನೊಳಗೆ ತಿರುಗುವ ವಸ್ತು ಒಂದೇ ಅಲ್ಲ. ಪ್ರೊಸೆಸರ್ ಮೇಲಿನ ಫ್ಯಾನ್ ಇದೆ, ಕ್ಯಾಬಿನೆಟ್ ಫ್ಯಾನ್ ಇರಬಹುದು, ಹಳೆಯ ಹಾರ್ಡ್ ಡಿಸ್ಕ್ ಕೂಡ ಕುಯ್ಯೋ ಅನ್ನುತ್ತದೆ. ನಾನು ಮಾಡುವುದು ಇಷ್ಟೇ. ಗೋಡೆಯ ಹಳೇ ಕ್ಯಾಲೆಂಡರಿನ ಹಾಳೆಯನ್ನು ಸುರುಳಿ ಸುತ್ತಿ, ಒಂದು ತುದಿ ಕಿವಿಗೆ, ಇನ್ನೊಂದು ತುದಿ ಅನುಮಾನ ಇರುವ ಕಡೆಗೆ. ಡಾಕ್ಟರು ಎದೆಗೆ ಇಟ್ಟು ನೋಡಿದ ಹಾಗೆ. ಎಸ್‌ಎಂಪಿಎಸ್ಸಿನ ಹಿಂದಿನ ಜಾಲರಿಯ ಎದುರು ಹಿಡಿದಾಗ ಗರಗರ ಜೋರಾದರೆ ಕಳ್ಳ ಸಿಕ್ಕಿದ. ಕೆಲವರು ಸ್ಕ್ರೂಡ್ರೈವರನ್ನು ಜಾಲರಿಯೊಳಗೆ ತೂರಿಸಿ ಫ್ಯಾನ್ ನಿಲ್ಲಿಸಿ ನೋಡುತ್ತಾರೆ. ಅದು ಬೇಡ. ಉದ್ದದ ಕಬ್ಬಿಣ ಒಳಗೆ ಎಲ್ಲಿಗೆ ತಾಗುತ್ತದೆ ಅಂತ ಯಾರಿಗೆ ಗೊತ್ತು.

ಶಬ್ದದ ಜಾತಿಯನ್ನೂ ಗಮನಿಸಿ. ತಣ್ಣಗಿರುವಾಗ ಜೋರು, ಬಿಸಿಯಾದ ಮೇಲೆ ಕಡಿಮೆ ಅಂತಾದರೆ ಬೇರಿಂಗಿನ ಎಣ್ಣೆ ಒಣಗಿದೆ. ಟಿಕ್ ಟಿಕ್ ಅಂತ ಒಂದೇ ಲಯದಲ್ಲಿ ಬಂದರೆ ಒಳಗಿನ ಯಾವುದೋ ವಯರ್ ರೆಕ್ಕೆಗೆ ತಾಗುತ್ತಿದೆ, ಫ್ಯಾನ್ ಬದಲಿಸುವುದೇ ಬೇಡ, ವಯರ್ ಸರಿಸಿದರೆ ಸಾಕು. ಜೀರುಂಡೆಯ ಹಾಗೆ ಸಣ್ಣಗೆ ಚೀಂಯ್ ಅಂತ ಕೇಳಿ, ನೀವು ದೊಡ್ಡ ಫೈಲ್ ತೆರೆದಾಗಲೋ ಗೇಮ್ ಹಾಕಿದಾಗಲೋ ಆ ಸ್ವರ ಬದಲಾದರೆ ಅದು ಫ್ಯಾನೇ ಅಲ್ಲ, ಒಳಗಿನ ಕಾಯಿಲ್ ಕಂಪಿಸುವ ಶಬ್ದ. ಎಷ್ಟು ಫ್ಯಾನ್ ಬದಲಿಸಿದರೂ ಅದು ಹೋಗುವುದಿಲ್ಲ. ನಮ್ಮ ಕಡೆಯ ಇನ್ನೊಂದು ಜಾತಿ ಇದೆ. ಒಂದು ರಜೆಯಲ್ಲಿ ಎರಡು ವಾರ ಕೋಣೆ ಮುಚ್ಚಿ ಹೋಗಿದ್ದೆ, ಬಂದು ನೋಡಿದರೆ ಕಣಜ ಜಾಲರಿಯಲ್ಲೇ ಮಣ್ಣಿನ ಗೂಡು ಕಟ್ಟಿ, ರೆಕ್ಕೆಗೂ ಸ್ವಲ್ಪ ಮೆತ್ತಿತ್ತು. ಒಂದು ರೆಕ್ಕೆ ಭಾರವಾದರೆ ಸಾಕು, ಇಡೀ ಡಬ್ಬ ನಡುಗುತ್ತದೆ. ಅದಕ್ಕೆ ಬೇಕಾದದ್ದು ಬ್ರಷ್, ಹೊಸ ಫ್ಯಾನಲ್ಲ.

ಈಗ ಎಣ್ಣೆಯ ಕತೆ. ಇದು ನನ್ನ ಮೊದಲನೆಯ ಎಡವಟ್ಟು.

ಅಗ್ಗದ ಫ್ಯಾನುಗಳಲ್ಲಿ ಇರುವುದು ಸ್ಲೀವ್ ಬೇರಿಂಗ್. ಅಂದರೆ ಸಣ್ಣದೊಂದು ಲೋಹದ ಕೊಳವೆ, ಅದರೊಳಗೆ ಕಡ್ಡಿ ತಿರುಗುತ್ತದೆ, ನಡುವೆ ಎಣ್ಣೆಯ ತೆಳು ಪದರ. ಎಸ್‌ಎಂಪಿಎಸ್ಸಿನ ಒಳಗೆ ಯಾವಾಗಲೂ ಬಿಸಿ, ಹಾಗಾಗಿ ಎಣ್ಣೆ ನಿಧಾನಕ್ಕೆ ಒಣಗುತ್ತದೆ. ಅದರ ಮೇಲೆ ನಮ್ಮ ಮುರಕಲ್ಲಿನ ಕೆಂಪು ಧೂಳು. ಬೇಸಗೆಯಲ್ಲಿ ಹಾರಿ ಬಂದು ಕೂತದ್ದು ಮಳೆಗಾಲದ ತೇವಕ್ಕೆ ಅಂಟಿನ ಹಾಗಾಗಿ ರೆಕ್ಕೆಗೆ ಹಿಡಿಯುತ್ತದೆ. ಹೀಗೆ ಗರಗರ ಅನ್ನುತ್ತಿದ್ದ ಫ್ಯಾನಿನ ನಡುವಿನ ಸ್ಟಿಕ್ಕರ್ ಎಬ್ಬಿಸಿ, ಕೈಗೆ ಸಿಕ್ಕಿದ ಎಣ್ಣೆ ಎರಡು ಹನಿ ಬಿಟ್ಟೆ. ಕೈಗೆ ಸಿಕ್ಕಿದ್ದು ಯಾವುದು? ಕಾಸರಗೋಡಿನ ಮನೆಯಲ್ಲಿ ಕೈಗೆ ಸಿಗುವ ಎಣ್ಣೆ ಬೇರೆ ಯಾವುದಿದೆ, ತೆಂಗಿನೆಣ್ಣೆ. ಆಹಾ, ಏನು ಸದ್ದಡಗಿತ್ತು ಅಂತೀರಿ! ಸೆಪ್ಟೆಂಬರಿನಿಂದ ಡಿಸೆಂಬರ್ ತನಕ ನಾನೇ ದೊಡ್ಡ ಮೆಕ್ಯಾನಿಕ್. ಆಮೇಲೆ ಧನುಪೂಜೆಯ ದಿನಗಳು ಬಂದವು. ಬಚ್ಚಲುಮನೆಯ ಕುಪ್ಪಿಯಲ್ಲಿ ಎಣ್ಣೆ ಬೆಳ್ಳಗೆ ಗಟ್ಟಿಯಾದ ಒಂದು ಬೆಳಿಗ್ಗೆ ಕಂಪ್ಯೂಟರ್ ಹಾಕಿದರೆ ಫ್ಯಾನ್ ಅಲುಗಲಿಲ್ಲ. ತೆಂಗಿನೆಣ್ಣೆ 24 ಡಿಗ್ರಿಗಿಂತ ಕೆಳಗೆ ಹೋದರೆ ಹೆಪ್ಪುಗಟ್ಟುತ್ತದೆ, ಕುಪ್ಪಿಯಲ್ಲಾದರೂ ಅಷ್ಟೇ, ಬೇರಿಂಗಿನಲ್ಲಾದರೂ ಅಷ್ಟೇ. ಬಿಚ್ಚಿ ನೋಡಿದರೆ ಧೂಳೂ ಎಣ್ಣೆಯೂ ಸೇರಿ ಮೇಣದ ಹಾಗೆ ಆಗಿತ್ತು.

ಹೊಲಿಗೆ ಮೆಷಿನ್ನಿನ ಎಣ್ಣೆ ಒಂದು ಹನಿ ಹಾಕಿದರೆ ಕೆಲವು ವಾರ, ಅದೃಷ್ಟ ಇದ್ದರೆ ಕೆಲವು ತಿಂಗಳು ನಡೆಯುತ್ತದೆ. ಹೊಸ ಫ್ಯಾನ್ ಸಿಗುವ ತನಕ ಅದು ಸರಿ. ಆದರೆ ಒಮ್ಮೆ ಗರಗರ ಅಂದ ಬೇರಿಂಗ್ ಸವೆದಿರುತ್ತದೆ, ಎಣ್ಣೆ ಹಾಕಿದ್ದಕ್ಕೆ ಸವೆದ ಲೋಹ ತಿರುಗಿ ಬೆಳೆಯುವುದಿಲ್ಲ. ಎಣ್ಣೆ ಹಾಕಲು ಹೇಗೂ ಡಬ್ಬ ಬಿಚ್ಚಲೇಬೇಕು. ಬಿಚ್ಚುವುದೇ ಹೌದಾದರೆ ಫ್ಯಾನೇ ಬದಲಿಸಬಾರದಾ?

ಇನ್ನು ಬಿಚ್ಚುವ ವಿಷಯ. ಇಲ್ಲಿ ಸ್ವಲ್ಪ ನಿಧಾನ.

ಎಸ್‌ಎಂಪಿಎಸ್ಸಿನೊಳಗೆ ಒಂದೋ ಎರಡೋ ದಪ್ಪ ಕೆಪಾಸಿಟರುಗಳಿರುತ್ತವೆ, ಹೆಬ್ಬೆರಳಿಗಿಂತ ದಪ್ಪ, ಮೇಲೆ 200 ವೋಲ್ಟ್ ಅಂತಲೋ 400, 450 ವೋಲ್ಟ್ ಅಂತಲೋ ಬರೆದಿರುತ್ತದೆ. ನಮ್ಮ 230 ವೋಲ್ಟಿನ ಎಸಿ ಕರೆಂಟು ಡಿಸಿಯಾಗಿ ಇವುಗಳಲ್ಲಿ ತುಂಬುವಾಗ ಸುಮಾರು 325 ವೋಲ್ಟ್ ಆಗುತ್ತದೆ. ಆಕ್ಟಿವ್ ಪಿಎಫ್‌ಸಿ ಅಂತ, ಗೋಡೆಯ ಕರೆಂಟನ್ನು ಹದವಾಗಿ ಎಳೆದುಕೊಳ್ಳುವ ಸರ್ಕ್ಯೂಟ್ ಇರುವ ಹೊಸ ಮಾದರಿಯಲ್ಲಿ 380ರಿಂದ 400ರ ತನಕ. ವಯರ್ ಕಿತ್ತರೂ ಈ ಕರೆಂಟು ಕೂಡಲೇ ಹೋಗುವುದಿಲ್ಲ. ತೊಟ್ಟಿಯ ನೀರಿನ ಹಾಗೆ, ನಲ್ಲಿ ನಿಲ್ಲಿಸಿದರೂ ತೊಟ್ಟಿಯಲ್ಲಿದ್ದದ್ದು ಇದ್ದೇ ಇರುತ್ತದೆ. ಅದನ್ನು ಖಾಲಿ ಮಾಡಲು ಒಳಗೆ ಸಣ್ಣ ರೆಸಿಸ್ಟರ್ ಇಟ್ಟಿರುತ್ತಾರೆ, ಸಾಮಾನ್ಯವಾಗಿ ಕೆಲವು ನಿಮಿಷಗಳಲ್ಲಿ ಖಾಲಿಯಾಗುತ್ತದೆ. ಆ ರೆಸಿಸ್ಟರೇ ಸುಟ್ಟಿದ್ದರೆ? ಅಗ್ಗದ ಡಬ್ಬದಲ್ಲಿ ಅದನ್ನು ಹಾಕಿಯೇ ಇಲ್ಲದಿದ್ದರೆ? ಹಾಗಾಗಿ ಎಷ್ಟು ಹೊತ್ತು ಕಾದಿದ್ದರೂ ಕರೆಂಟು ಇದೆ ಅಂತಲೇ ತಿಳಿದು ಕೆಲಸ ಮಾಡಿ.

ಮಳೆಗಾಲದಲ್ಲಿ ಇಲ್ಲಿ ಗಾಳಿ ಬೀಸಿದರೆ ಸಾಕು, ಯಾವುದೋ ತೋಟದಲ್ಲಿ ಅಡಿಕೆಮರವೋ ತೆಂಗಿನ ಮಡಲೋ ಲೈನಿಗೆ ಬೀಳುತ್ತದೆ, ಕರೆಂಟು ಹೋಗುತ್ತದೆ. "ಹೇಗೂ ಕರೆಂಟಿಲ್ಲ, ಕೆಲಸವೂ ಇಲ್ಲ, ಈಗಲೇ ಬಿಚ್ಚೋಣ" ಅಂತ ಅನ್ನಿಸುವುದು ಆಗಲೇ. ದಯವಿಟ್ಟು ಹಾಗೆ ಮಾಡಬೇಡಿ. ಒಂದು, ಬಂದರೂ ಬಂತು, ಹೇಳಿ ಬರುವುದಿಲ್ಲ. ಎರಡು, ಯುಪಿಎಸ್ ಇದ್ದರೆ ಬೀದಿಯಲ್ಲಿ ಕರೆಂಟಿಲ್ಲದಿದ್ದರೂ ನಿಮ್ಮ ವಯರಿನಲ್ಲಿ ಇದೆ. ಮನೆಗೆ ಇನ್ವರ್ಟರ್ ಹಾಕಿದವರಿಗೂ ಅಷ್ಟೇ. ಗೋಡೆಯ ಸ್ವಿಚ್ ಆಫ್ ಮಾಡಿದರೂ ಸಾಲದು, ಹಳೇ ಮನೆಗಳ ವಯರಿಂಗಿನಲ್ಲಿ ಸ್ವಿಚ್ಚು ನ್ಯೂಟ್ರಲಿಗೆ ಬಿದ್ದಿರುವುದೂ ಉಂಟು. ಎಸ್‌ಎಂಪಿಎಸ್ಸಿಗೆ ಸಿಕ್ಕಿಸಿದ ವಯರನ್ನೇ ಕಿತ್ತು ಬದಿಗಿಡಿ, ಕಣ್ಣಿಗೆ ಕಾಣುವ ಹಾಗೆ.

ವಯರ್ ಕಿತ್ತ ಮೇಲೆ ಕಂಪ್ಯೂಟರಿನ ಪವರ್ ಬಟನ್ ಒಂದು ಹತ್ತು ಸೆಕೆಂಡ್ ಒತ್ತಿ ಹಿಡಿಯಿರಿ. ಕೆಲವೊಮ್ಮೆ ಫ್ಯಾನ್ ಒಂದು ಸಲ ಅಲುಗಿ ನಿಲ್ಲುತ್ತದೆ, ಉಳಿದ ಕರೆಂಟಿನ ಸ್ವಲ್ಪ ಭಾಗ ಖರ್ಚಾಯ್ತು ಅಂತ ಅರ್ಥ. ಆಮೇಲೆ ಎಲ್ಲ ವಯರುಗಳ ಫೋಟೋ ತೆಗೆದು, ಒಂದೊಂದಾಗಿ ಬಿಡಿಸಿ. ಮದರ್‌ಬೋರ್ಡಿನ 24 ಪಿನ್ನಿನದ್ದಕ್ಕೆ ಬದಿಯಲ್ಲಿ ಕೊಕ್ಕೆ ಇದೆ, ಅದನ್ನು ಒತ್ತಿ ಎಳೆಯಬೇಕು, ಸುಮ್ನೆ ಜಗ್ಗಿದರೆ ಬೋರ್ಡೇ ಬಗ್ಗುತ್ತದೆ. ಪ್ರೊಸೆಸರ್ ಹತ್ತಿರದ 4 ಅಥವಾ 8 ಪಿನ್ನಿನದ್ದು ಮರೆಯಬೇಡಿ. ಹಿಂದಿನ ನಾಲ್ಕು ಸ್ಕ್ರೂ ತೆಗೆದರೆ ಡಬ್ಬ ಕೈಗೆ ಬರುತ್ತದೆ. ಕುಂಬಳೆ, ಉಪ್ಪಳದಂಥ ಕಡಲ ಬದಿಯವರಿಗೆ ಸ್ಕ್ರೂ ತುಕ್ಕು ಹಿಡಿದು ಜಪ್ಪಯ್ಯ ಅಂದರೂ ತಿರುಗದೆ ಹೋಗಬಹುದು, ಸರಿಯಾದ ಅಳತೆಯ ಸ್ಕ್ರೂಡ್ರೈವರನ್ನು ಭಾರ ಹಾಕಿ ಒತ್ತಿ ತಿರುಗಿಸಿ, ಇಲ್ಲದಿದ್ದರೆ ತಲೆ ಸವೆದು ಮತ್ತೆ ಬೇರೆಯೇ ಕತೆ.

ಡಬ್ಬವನ್ನು ಒಂದು ಇಡೀ ದಿನ ಹಾಗೇ ಬದಿಗಿಡಿ. ನಾನು ರಾತ್ರಿ ಕೆಲಸ ಮುಗಿಸಿ ತೆಗೆದಿಟ್ಟು ಮರುದಿನ ಸಂಜೆ ಬಿಚ್ಚುತ್ತೇನೆ. ಒಣ ಮರದ ಮೇಜು, ಒಣ ಕೈ, ಕಾಲಿಗೆ ರಬ್ಬರ್ ಚಪ್ಪಲಿ, ಬೆರಳಲ್ಲಿ ಉಂಗುರ ಇದ್ದರೆ ತೆಗೆದಿಡಿ. ಮಳೆಗಾಲದಲ್ಲಿ ನೆಲ ಬೆವರುತ್ತದಲ್ಲ, ಅಂಥ ದಿನ ನೆಲದಲ್ಲಿ ಕೂತು ಈ ಕೆಲಸ ಬೇಡ. ಮಕ್ಕಳು ಹತ್ತಿರ ಇರಬಾರದು.

ಮುಚ್ಚಳದ ನಾಲ್ಕು ಸ್ಕ್ರೂ ತೆಗೆದು ಎತ್ತುವಾಗ ಮೆಲ್ಲಗೆ. ಫ್ಯಾನ್ ಎರಡು ರೀತಿಯಲ್ಲಿ ಇರುತ್ತದೆ. ಹಳೆಯದರಲ್ಲಿ ಹಿಂದಿನ ಗೋಡೆಗೆ 80 ಮಿಲಿಮೀಟರಿನ ಚಿಕ್ಕ ಫ್ಯಾನ್. ಈಗಿನದರಲ್ಲಿ ಮುಚ್ಚಳಕ್ಕೇ ಜೋಡಿಸಿದ 120 ಮಿಲಿಮೀಟರಿನ ದೊಡ್ಡ ಫ್ಯಾನ್, ಅದರಿಂದ ಎರಡು ವಯರ್ ಬೋರ್ಡಿಗೆ ಹೋಗಿರುತ್ತವೆ. ಮುಚ್ಚಳವನ್ನು ಪಟ್ಟಂತ ಎಳೆದರೆ ವಯರ್ ಕಿತ್ತು ಬರುತ್ತದೆ. ಈಗ ಏನನ್ನೂ ಮುಟ್ಟದೆ ಫೋಟೋ ತೆಗೆಯಿರಿ. ಫ್ಯಾನಿನ ಸ್ಟಿಕ್ಕರ್ ಯಾವ ಕಡೆಗೆ ಇದೆ, ವಯರ್ ಯಾವ ದಾರಿಯಲ್ಲಿ ಹೋಗಿದೆ, ಎರಡೂ ಕಾಣಬೇಕು.

ಬೋರ್ಡಿಗೆ ಕೈ ತಾಗಿಸಲೇಬೇಡಿ ಅನ್ನುವುದು ನನ್ನ ನಿಯಮ. ಅಲ್ಲಿ ಕಾಣುವ ಅಲ್ಯೂಮಿನಿಯಂ ತುಂಡುಗಳು ಬರೀ ಬಿಸಿ ಹೀರುವ ಹೀಟ್‌ಸಿಂಕ್ ಅಂತ ಮುಟ್ಟಬೇಡಿ, ಕೆಲವದರಲ್ಲಿ ಅವೇ ಹೆಚ್ಚು ವೋಲ್ಟೇಜಿಗೆ ಸೇರಿಕೊಂಡಿರುತ್ತವೆ. ಮಲ್ಟಿಮೀಟರ್ ಇದ್ದು ಬಳಸಲು ಗೊತ್ತಿರುವವರು ಡಿಸಿ 600 ಅಥವಾ 1000 ವೋಲ್ಟಿನಲ್ಲಿಟ್ಟು ದಪ್ಪ ಕೆಪಾಸಿಟರಿನ ಎರಡು ಕಾಲುಗಳ ನಡುವೆಯೇ ಅಳೆಯಬೇಕು. ಕೆಲವರು ಸುಲಭಕ್ಕೆ ಸಿಗುತ್ತದೆ ಅಂತ ಬ್ರಿಡ್ಜ್ ಡಯೋಡಿನ ಕಾಲಲ್ಲಿ ನೋಡಿ ಸೊನ್ನೆ ಬಂತು ಅನ್ನುತ್ತಾರೆ. ಆಕ್ಟಿವ್ ಪಿಎಫ್‌ಸಿ ಇರುವುದರಲ್ಲಿ ಅದು ಮೋಸ: ನಡುವೆ ಇನ್ನೊಂದು ಡಯೋಡ್ ಇರುವುದರಿಂದ ಅಲ್ಲಿ ಸೊನ್ನೆ ತೋರಿಸಿದರೂ ಕೆಪಾಸಿಟರಿನಲ್ಲಿ ಕರೆಂಟು ಉಳಿದಿರಬಹುದು. ಉಳಿದಿದ್ದರೆ 10 ಕಿಲೋಓಮ್, 5 ವ್ಯಾಟಿನ ರೆಸಿಸ್ಟರಿಗೆ ಇನ್ಸುಲೇಶನ್ ಇರುವ ವಯರ್ ಜೋಡಿಸಿ ಅದೇ ಎರಡು ಕಾಲುಗಳಿಗೆ ಅರ್ಧ ನಿಮಿಷ ಹಿಡಿದು ಮತ್ತೆ ಅಳೆಯಿರಿ. ಸ್ಕ್ರೂಡ್ರೈವರ್ ಅಡ್ಡ ಇಟ್ಟು ಪಟಾಕಿ ಹಾರಿಸುವ ಶೂರರೂ ಇದ್ದಾರೆ. ಕಿಡಿ ಕಣ್ಣಿಗೆ ಹಾರಿದರೆ ಶೂರತನ ಮುಗಿಯಿತು. ಈ ಪ್ಯಾರಾ ಅರ್ಥವಾಗಲಿಲ್ಲ ಅಂತಾದರೆ ಅಳೆಯಲು ಹೋಗಬೇಡಿ, ನಾಚಿಕೆ ಏನಿಲ್ಲ, ಡಬ್ಬ ಮುಚ್ಚಿ ಗೊತ್ತಿರುವವರಿಗೆ ಕೊಡಿ.

ಅಂಗಡಿಗೆ ಹೋಗುವುದು ಈಗ, ಬಿಚ್ಚಿ ನೋಡಿದ ಮೇಲೆ. ಮೊದಲೇ ಹೋಗಿ ತಂದರೆ ನನ್ನ ಹಾಗೆ ಎರಡು ಸಲ ಬಸ್ ಚಾರ್ಜು. ಹಳೇ ಫ್ಯಾನಿನ ನಡುವಿನ ಸ್ಟಿಕ್ಕರ್ ಓದಿ. ನನ್ನದರಲ್ಲಿ 12 ವೋಲ್ಟ್ ಡಿಸಿ, 0.18 ಆಂಪ್ ಅಂತ ಇತ್ತು. ವೋಲ್ಟ್ ಒಂದೇ ಇರಬೇಕು, ಆಂಪ್ ಹತ್ತಿರ ಹತ್ತಿರ ಇರಬೇಕು. ಅಗಲ ಮಾತ್ರವಲ್ಲ, ದಪ್ಪವನ್ನೂ ಅಳೆಯಿರಿ, ಸಾಮಾನ್ಯವಾಗಿ 25 ಮಿಲಿಮೀಟರ್, ಚಿಕ್ಕ ಕ್ಯಾಬಿನೆಟ್ಟಿನವುಗಳಲ್ಲಿ ತೆಳ್ಳಗಿನದ್ದೂ ಉಂಟು. ಸ್ಕ್ರೂ ತೂತುಗಳ ನಡುವಿನ ದೂರ 80ರ ಫ್ಯಾನಿನಲ್ಲಿ 71.5 ಮಿಲಿಮೀಟರ್, 120ರದ್ದರಲ್ಲಿ 105. ಗೊಂದಲ ಇದ್ದರೆ ಸ್ಟಿಕ್ಕರಿನ ಫೋಟೋ ಮೊಬೈಲಿನಲ್ಲಿ ಇಟ್ಟುಕೊಂಡು ಹೋಗಿ.

ಆಂಪಿನ ವಿಷಯದಲ್ಲಿ ನನ್ನ ಎರಡನೇ ಎಡವಟ್ಟು. ಜಾಸ್ತಿ ಗಾಳಿ ಬರಲಿ ಅಂತ 0.5 ಆಂಪಿನ ಫ್ಯಾನ್ ತಂದೆ. ಶಬ್ದ ತಾಳಲಾರದೆ ಬದಲಿಸಿದ್ದು, ಹೊಸದರ ಶಬ್ದ ಹಳೆಯದಕ್ಕಿಂತ ಜೋರು, ಅಡಿಕೆ ಸುಲಿಯುವ ಮೆಷಿನ್ ಪಕ್ಕದಲ್ಲಿ ಕೂತ ಹಾಗೆ. ಅಷ್ಟೇ ಅಲ್ಲ, ಬೋರ್ಡಿನಲ್ಲಿ ಫ್ಯಾನಿಗೆ ಕರೆಂಟು ಕೊಡುವ ಟ್ರಾನ್ಸಿಸ್ಟರ್ ಸಣ್ಣದು, ಅಷ್ಟೊಂದು ಎಳೆದರೆ ಅದು ಸುಡಬಹುದು. ಉಲ್ಟಾ ತಪ್ಪೂ ಇದೆ. ಶಬ್ದವೇ ಇಲ್ಲದ, ಮೆಲ್ಲ ತಿರುಗುವ ಫ್ಯಾನ್ ತಂದರೆ ಕಿವಿಗೆ ಹಿತ, ಆದರೆ ಗಾಳಿ ಸಾಲದೆ ಡಬ್ಬ ಕುದಿಯುತ್ತದೆ, ನಮ್ಮ ಏಪ್ರಿಲ್ ಮೇ ತಿಂಗಳಲ್ಲಿ ಕೇಳುವುದೇ ಬೇಡ. ಬೇರಿಂಗ್ ಬಾಲ್ ಅಥವಾ ಫ್ಲೂಯಿಡ್ ಅಂತ ಬರೆದದ್ದು ಸಿಕ್ಕಿದರೆ ಸ್ವಲ್ಪ ಜಾಸ್ತಿ ಕೊಟ್ಟಾದರೂ ಅದನ್ನೇ ತೆಗೆದುಕೊಳ್ಳಿ, ಬಿಸಿಯಲ್ಲಿ ಸ್ಲೀವಿಗಿಂತ ಹೆಚ್ಚು ಬಾಳುತ್ತದೆ.

ಕಾಸರಗೋಡು ಪೇಟೆಯಲ್ಲಿ ಇದನ್ನು ಕೇಳುವುದೇ ಒಂದು ತಮಾಷೆ. ಕನ್ನಡದಲ್ಲಿ "ಉಂಟಾ" ಅಂದರೂ ಮಲೆಯಾಳದಲ್ಲಿ "ಉಂಡೋ" ಅಂದರೂ ಉತ್ತರ ಒಂದೇ, "ಇಲ್ಲ". ತುಳುವಿನಲ್ಲಿ ಕೇಳಿದರೆ ಮಾತ್ರ "ಇಜ್ಜಿ". ಎಸ್‌ಎಂಪಿಎಸ್ ಫ್ಯಾನ್ ಅಂತ ಕೇಳಬೇಡಿ, ಇಡೀ ಎಸ್‌ಎಂಪಿಎಸ್ಸನ್ನೇ ಮಾರಲು ನೋಡುತ್ತಾರೆ. ಕ್ಯಾಬಿನೆಟ್ ಫ್ಯಾನ್ ಅಂತ ಕೇಳಿ, ಅಳತೆ ಹೇಳಿ. ವಸ್ತು ಒಂದೇ. ನಾನು ಕಳೆದ ಸಲ 80ರದ್ದಕ್ಕೆ ಕೊಟ್ಟದ್ದು 220 ರೂಪಾಯಿ.

ಎರಡು ಅಥವಾ ಮೂರು ವಯರಿನದ್ದನ್ನೇ ತನ್ನಿ, 4 ವಯರಿನದ್ದು ಬೇಡ. ಕಾರಣ ಇದೆ. ತುಂಬ ಎಸ್‌ಎಂಪಿಎಸ್‌ಗಳು ಫ್ಯಾನಿಗೆ ಯಾವಾಗಲೂ 12 ವೋಲ್ಟ್ ಕೊಡುವುದಿಲ್ಲ. ತಣ್ಣಗಿರುವಾಗ 5 ವೋಲ್ಟಿನ ಆಸುಪಾಸು ಕೊಟ್ಟು, ಒಳಗೆ ಬಿಸಿ ಏರಿದ ಹಾಗೆ ಮೇಲೆ ಹೋಗುತ್ತವೆ. 4 ವಯರಿನ ಫ್ಯಾನುಗಳು ಸದಾ 12 ವೋಲ್ಟ್ ಸಿಗುತ್ತದೆ ಅಂತ ನಂಬಿ ಮಾಡಿದವು, ಕಡಿಮೆ ವೋಲ್ಟಿನಲ್ಲಿ ಕೆಲವು ಏಳುವುದೇ ಇಲ್ಲ. ಮೂರು ವಯರಿನವೂ ಎಲ್ಲವೂ ಏಳುತ್ತವೆ ಅಂತಿಲ್ಲ, ಹಾಗಾಗಿ ಹಾಕುವ ಮೊದಲೇ ಪರೀಕ್ಷೆ ಮಾಡಿ. ಮನೆಯಲ್ಲಿ ಹಾಳಾದ ಮೊಬೈಲ್ ಚಾರ್ಜರ್ ಕೇಬಲ್ ಒಂದಾದರೂ ಇರುತ್ತದೆ. ಅದರ ಫೋನಿನ ಕಡೆಯ ತುದಿ ಕತ್ತರಿಸಿ ಸುಲಿದರೆ ಒಳಗೆ ಕೆಂಪು, ಕಪ್ಪು ವಯರ್ ಸಿಗುತ್ತವೆ, ಆಮೇಲೆ ಇನ್ನೊಂದು ತುದಿಯನ್ನು ಚಾರ್ಜರಿಗೆ ಸಿಕ್ಕಿಸಿದರೆ ಅದರಲ್ಲಿ ಬರುವುದು 5 ವೋಲ್ಟ್. ಫ್ಯಾನಿನ ಕೆಂಪಿಗೆ ಕೆಂಪು, ಕಪ್ಪಿಗೆ ಕಪ್ಪು ತಾಗಿಸಿ ಹಿಡಿಯಿರಿ, ಕೆಂಪಿಗೂ ಕಪ್ಪಿಗೂ ಒಂದಕ್ಕೊಂದು ತಾಗದ ಹಾಗೆ. ಬೆರಳಿನಿಂದ ದೂಡದೆ ತಾನಾಗಿಯೇ ತಿರುಗಲು ಶುರು ಮಾಡಿದರೆ ಪಾಸು. ನಾಲ್ಕೈದು ಸಲ ನಿಲ್ಲಿಸಿ, ಬೇರೆ ಬೇರೆ ಕಡೆ ರೆಕ್ಕೆ ನಿಲ್ಲುವ ಹಾಗೆ ಮಾಡಿ ನೋಡಿ. ಒಂದು ಸಲ ಏಳದಿದ್ದರೂ ಅಂಗಡಿಗೆ ವಾಪಸ್.

ಈಗ ಜೋಡಿಸುವುದು. ಬೋರ್ಡಿನಲ್ಲಿ ಫ್ಯಾನಿನ ವಯರಿಗೆ ಸಣ್ಣ ಎರಡು ಪಿನ್ನಿನ ಪ್ಲಗ್ ಇರಬಹುದು, ಅಥವಾ ನೇರ ಬೆಸುಗೆ ಹಾಕಿರಬಹುದು. ಹೊಸ ಫ್ಯಾನಿನ ದೊಡ್ಡ ಪ್ಲಗ್ ಅಲ್ಲಿ ಕೂರುವುದಿಲ್ಲ. ಎರಡಕ್ಕೂ ಒಂದೇ ಉಪಾಯ: ಹಳೇ ಫ್ಯಾನಿನ ವಯರನ್ನು ಫ್ಯಾನಿನ ಹತ್ತಿರವೇ ಕತ್ತರಿಸಿ, ಬೋರ್ಡಿನ ಕಡೆ ಉದ್ದದ ಬಾಲ ಉಳಿಸಿಕೊಂಡು, ಆ ಬಾಲಕ್ಕೆ ಹೊಸ ಫ್ಯಾನನ್ನು ಕಟ್ಟಿ. ಬೋರ್ಡಿಗೆ ಕೈ ಹಾಕುವ ಪ್ರಸಂಗವೇ ಬರುವುದಿಲ್ಲ. ಪ್ಲಗ್ ಇರುವುದಾದರೆ ಅದನ್ನು ಮೆಲ್ಲ ಎಳೆದು ಹೊರಗೆ ತಂದೇ ಕೆಲಸ ಮಾಡಬಹುದು, ಇನ್ನೂ ಆರಾಮ. ಕತ್ತರಿಸುವಾಗ ಎರಡೂ ವಯರನ್ನು ಒಂದೇ ಕಡೆ ಕತ್ತರಿಸದೆ ಒಂದನ್ನು ಒಂದೂವರೆ ಸೆಂಟಿಮೀಟರ್ ಗಿಡ್ಡ ಮಾಡಿ. ಆಗ ಎರಡು ಗಂಟುಗಳು ಎದುರುಬದುರು ಬರುವುದಿಲ್ಲ.

ಮೂರು ವಯರಿನ ಫ್ಯಾನಿನಲ್ಲಿ ಸಾಮಾನ್ಯವಾಗಿ ಕೆಂಪು 12 ವೋಲ್ಟ್, ಕಪ್ಪು ಅರ್ತ್ ಅಂತ ನಾವು ಹೇಳುವ ನೆಗೆಟಿವ್, ಹಳದಿ ವೇಗ ಹೇಳುವುದಕ್ಕೆ. ಹಳದಿ ಬೇಡ, ತುದಿಯನ್ನು ಮುಚ್ಚಿ ಬಿಡಿ. ಇಲ್ಲೊಂದು ಎಡವುವ ಜಾಗ ಇದೆ. ಯಾರೋ ಕೊಟ್ಟ 4 ವಯರಿನ ಹಳೇ ಫ್ಯಾನನ್ನೇ ಹಾಕಲು ಹೊರಟಿದ್ದರೆ ನೆನಪಿಡಿ, ಕಪ್ಪು, ಹಳದಿ, ಹಸಿರು, ನೀಲಿ ಇರುವ ಫ್ಯಾನಿನಲ್ಲಿ ಹಳದಿಯೇ 12 ವೋಲ್ಟ್. ಬಣ್ಣ ಒಂದೇ, ಕೆಲಸ ಬೇರೆ. ಎಲ್ಲ ವಯರೂ ಕಪ್ಪು ಇರುವ ಫ್ಯಾನೂ ಬರುತ್ತದೆ, ಆಗ ಪ್ಲಗ್ಗಿನ ಕ್ರಮ ನೋಡಬೇಕು, ಕೊನೆಯದು ನೆಗೆಟಿವ್, ಅದರ ಪಕ್ಕದ್ದು 12 ವೋಲ್ಟ್. ಯಾವ ಕೊನೆ ಅಂತ ಅನುಮಾನ ಬಂದರೆ ಮೊದಲು ಹೇಳಿದ 5 ವೋಲ್ಟಿನ ಕೇಬಲಿನಲ್ಲೇ ತಿರುಗಿಸಿ ನೋಡಿ. ಇನ್ನು ನಿಮ್ಮ ಎಸ್‌ಎಂಪಿಎಸ್ಸಿನ ಹಳೇ ಫ್ಯಾನಿಗೇ ಮೂರು ವಯರ್ ಇದ್ದು ಮೂರೂ ಬೋರ್ಡಿಗೆ ಹೋಗಿದ್ದರೆ ಮೂರನ್ನೂ ಜೋಡಿಸಬೇಕು, ಕೆಲವು ಡಬ್ಬಗಳು ಫ್ಯಾನಿನ ವೇಗ ಗೊತ್ತಾಗದಿದ್ದರೆ ಬಂದ್ ಆಗಿಬಿಡುತ್ತವೆ.

25 ವ್ಯಾಟಿನ ಸಾದಾ ಬೆಸುಗೆ ಕಡ್ಡಿ ಸಾಕು. ಬೆಸುಗೆ ಹಾಕುವ ಮೊದಲು ಹೀಟ್‌ಶ್ರಿಂಕ್ ಕೊಳವೆಯನ್ನು, ಅಂದರೆ ಬಿಸಿ ತಾಗಿದರೆ ಕುಗ್ಗುವ ಪ್ಲಾಸ್ಟಿಕ್ ಕೊಳವೆಯನ್ನು, ವಯರಿಗೆ ತೂರಿಸಿಡಿ. ಮೊದಲು! ನಾನು ಇದನ್ನು ಪ್ರತಿ ಸಲ ಮರೆಯುತ್ತೇನೆ, ಚಂದದ ಬೆಸುಗೆ ಹಾಕಿ, ಊದಿ, ಮೆಚ್ಚಿಕೊಂಡು, ಆಮೇಲೆ ಮೇಜಿನ ಮೇಲೆ ಕೂತ ಕೊಳವೆ ಕಣ್ಣಿಗೆ ಬೀಳುತ್ತದೆ. ಕೊಳವೆ ಇಲ್ಲ ಅಂತ ಕರೆಂಟಿನವರ ಕಪ್ಪು ಟೇಪ್ ಸುತ್ತಬೇಡಿ. ಆ ಬಿಸಿಗೆ ಟೇಪಿನ ಅಂಟು ಕರಗಿ ಜಾರುತ್ತದೆ, ತೆರೆದ ಗಂಟು ಎಲ್ಲಿಗೆ ತಾಗುತ್ತದೋ ದೇವರೇ ಬಲ್ಲ. ಹೀಟ್‌ಶ್ರಿಂಕ್ ಹತ್ತಿಪ್ಪತ್ತು ರೂಪಾಯಿಗೆ ಸಿಗುತ್ತದೆ. ಬೆಸುಗೆಯ ಗಂಟಿನ ಮೇಲೆ ಸರಿಸಿ, ಬೆಸುಗೆ ಕಡ್ಡಿಯ ಬದಿಯನ್ನು ಹತ್ತಿರ ತಂದರೆ ಬಿಗಿಯುತ್ತದೆ.

ಹೊಸ ಫ್ಯಾನ್ ಕೂರಿಸುವ ಮೊದಲು ಧೂಳು ತೆಗೆಯಿರಿ. ಒಣ ಪೈಂಟಿಂಗ್ ಬ್ರಷ್, ಮರದ ಹಿಡಿಯದ್ದು, ಜಾಲರಿಗೂ ಮುಚ್ಚಳಕ್ಕೂ. ಬೋರ್ಡಿನ ಧೂಳನ್ನು ಬ್ಲೋವರಿನಲ್ಲಿ ದೂರದಿಂದ ಹಾರಿಸಿ, ಅಂಗಳದಲ್ಲಿ. ಬ್ಲೋವರ್ ಹಿಡಿಯುವಾಗ ಫ್ಯಾನಿನ ರೆಕ್ಕೆಯನ್ನು ತಿರುಗದ ಹಾಗೆ ಹಿಡಿದುಕೊಳ್ಳಬೇಕು, ಮಕ್ಕಳ ಗಿರಗಿಟ್ಲೆಯ ಹಾಗೆ ಬಿಟ್ಟರೆ ಹೊಸ ಬೇರಿಂಗೂ ಹೋಗುತ್ತದೆ. ಹಾಗೇ ಒಮ್ಮೆ ಕೆಪಾಸಿಟರುಗಳ ತಲೆ ನೋಡಿ. ಚಪ್ಪಟೆ ಇರಬೇಕು. ಉಬ್ಬಿದ್ದರೆ, ಬುಡದಲ್ಲಿ ಕಂದು ಬಣ್ಣದ ದ್ರವ ಒಸರಿದ್ದರೆ ಈ ಡಬ್ಬದ ಆಯುಷ್ಯ ಮುಗಿಯಿತು, ಫ್ಯಾನನ್ನು ಬೇರೆಯದಕ್ಕೆ ಇಟ್ಟುಕೊಳ್ಳಿ.

ದಿಕ್ಕು ತಪ್ಪಬಾರದು. ಹಿಂದಿನ ಗೋಡೆಯ 80ರ ಫ್ಯಾನ್ ಗಾಳಿಯನ್ನು ಹೊರಗೆ ದೂಡಬೇಕು. ಮುಚ್ಚಳದ 120ರ ಫ್ಯಾನ್ ಬೋರ್ಡಿನ ಮೇಲೆ ಊದಬೇಕು, ಗಾಳಿ ಹಿಂದಿನ ಜಾಲರಿಯಿಂದ ಹೊರಗೆ ಹೋಗುತ್ತದೆ. ಕೆಲವು ಫ್ಯಾನಿನ ಬದಿಯಲ್ಲಿ ಬಾಣದ ಗುರುತಿದೆ. ಇಲ್ಲದಿದ್ದರೆ ಸ್ಟಿಕ್ಕರ್ ಇರುವ, ನಡುಭಾಗವನ್ನು ಚೌಕಟ್ಟಿಗೆ ಹಿಡಿದ ಕಡ್ಡಿಗಳು ಕಾಣುವ ಕಡೆಗೆ ಗಾಳಿ ಬರುತ್ತದೆ ಅಂತ ಲೆಕ್ಕ. ಹಳೇ ಫ್ಯಾನಿನ ಮೇಲೆ ಅರ್ಧ ಭಾಗ ಮುಚ್ಚುವ ಪಾರದರ್ಶಕ ಪ್ಲಾಸ್ಟಿಕ್ ಹಾಳೆ ಇತ್ತಾ? ಅದು ಪ್ಯಾಕಿಂಗ್ ಅಂತ ಎಸೆಯಬೇಡಿ, ಗಾಳಿಯನ್ನು ಒಳಗಿನ ಮೂಲೆಯ ತನಕ ಕಳಿಸಲು ಇಟ್ಟದ್ದು, ತಿರುಗಿ ಹಾಕಿ. ಫ್ಯಾನಿನ ಸ್ಕ್ರೂ ಪ್ಲಾಸ್ಟಿಕ್ಕನ್ನೇ ಕೊರೆದು ಕೂರುವಂಥದ್ದು, ಬಿಗಿಯಾದ ಮೇಲೆ ಇನ್ನೂ ಬಲ ಹಾಕಿದರೆ ಸೀಳುತ್ತದೆ. ಹಳೇ ಸೈಕಲ್ ಟ್ಯೂಬಿನಿಂದ ಸಣ್ಣ ಬಿಲ್ಲೆ ಕತ್ತರಿಸಿ ಫ್ಯಾನಿಗೂ ಕಬ್ಬಿಣಕ್ಕೂ ನಡುವೆ ಇಟ್ಟರೆ ಅದುರುವಿಕೆ ಕಡಿಮೆ. ವಯರನ್ನು ರೆಕ್ಕೆಗೂ ಹೀಟ್‌ಸಿಂಕಿಗೂ ತಾಗದ ಹಾಗೆ ಝಿಪ್ ಟೈ ಹಾಕಿ ಬದಿಗೆ ಕಟ್ಟಿ. ಮುಚ್ಚಳ ಹಾಕುವ ಮೊದಲು ಬೆರಳಿನಿಂದ ರೆಕ್ಕೆ ಒಂದು ಸುತ್ತು ತಿರುಗಿಸಿ. ಒಳಗೆ ಬಿದ್ದ ಸ್ಕ್ರೂ, ವಯರಿನ ಚೂರು ಏನಾದರೂ ಇದೆಯಾ ಅಂತ ಡಬ್ಬವನ್ನು ಅಲುಗಿಸಿ ಕೇಳಿ.

ಮುಚ್ಚಳ ಪೂರ್ತಿ ಬಿಗಿಯದೆ ಕರೆಂಟು ಕೊಡಬೇಡಿ, ಎಷ್ಟೇ ಕುತೂಹಲ ಇದ್ದರೂ. ಕಂಪ್ಯೂಟರಿಗೆ ಜೋಡಿಸಿ, ಫೋಟೋ ನೋಡಿಕೊಂಡು ಎಲ್ಲ ಪ್ಲಗ್ ಹಾಕಿ, ಆಮೇಲೆ ಸ್ವಿಚ್. ಫ್ಯಾನ್ ತಿರುಗದಿದ್ದರೆ ಕೂಡಲೇ ಗಾಬರಿ ಬೇಡ, ಕೆಲವು ಹೊಸ ಮಾದರಿಗಳಲ್ಲಿ ಬಿಸಿಯಾಗುವ ತನಕ ಫ್ಯಾನ್ ಏಳುವುದೇ ಇಲ್ಲ. ಆದರೆ ನಿಮ್ಮದರಲ್ಲಿ ಮೊದಲಿನಿಂದಲೂ ತಿರುಗುತ್ತಿತ್ತು, ಈಗಿಲ್ಲ ಅಂತಾದರೆ ಬಂದ್ ಮಾಡಿ, ಇನ್ನೊಂದು ದಿನ ಕಾದು ಬಿಚ್ಚಿ. ಹೆಚ್ಚಿನ ಸಲ ಕೆಂಪು ಕಪ್ಪು ಅದಲುಬದಲಾಗಿರುತ್ತದೆ.

ಗಾಳಿಯ ದಿಕ್ಕು ನೋಡಲು ಊದುಬತ್ತಿಗಿಂತ ಒಳ್ಳೆಯ ಉಪಕರಣ ನನಗೆ ಗೊತ್ತಿಲ್ಲ. ಸೀಲಿಂಗ್ ಫ್ಯಾನ್ ಆಫ್ ಮಾಡಿ, ಹಚ್ಚಿದ ಊದುಬತ್ತಿಯನ್ನು ಹಿಂದಿನ ಜಾಲರಿಯಿಂದ ಒಂದು ಗೇಣು ದೂರ ಹಿಡಿಯಿರಿ. ಹೊಗೆ ನಿಮ್ಮ ಕಡೆಗೆ ಬಾಗಿದರೆ ಸರಿ. ಜಾಲರಿಯೊಳಗೆ ನುಗ್ಗಿದರೆ ಫ್ಯಾನ್ ಉಲ್ಟಾ ಕೂತಿದೆ. ಒಂದು ಗಂಟೆ ಕೆಲಸ ಮಾಡಿದ ಮೇಲೆ ಅಲ್ಲಿ ಅಂಗೈ ಇಟ್ಟು ನೋಡಿ, ಬರುವ ಗಾಳಿ ಬೆಚ್ಚಗಿರಬೇಕು, ಬಿಸಿಬಿಸಿ ಇರಬಾರದು.

ಇನ್ನೊಂದು, ಮುಚ್ಚಳ ಬಿಗಿಯುವ ಮೊದಲು ಫ್ಯಾನಿನ ಚೌಕಟ್ಟಿನ ಮೇಲೆ ಮಾರ್ಕರಿನಲ್ಲಿ ತಿಂಗಳು, ವರ್ಷ ಬರೆದಿಡಿ. ನನ್ನದರಲ್ಲಿ 2022 ನವೆಂಬರ್ ಅಂತ ಇದೆ. ಮೊನ್ನೆ ಒಂದು ಬೆಳಿಗ್ಗೆ ಮತ್ತೆ ಗರ್ರ್ ಅಂದ ಹಾಗೆ ಕೇಳಿತು. ಕ್ಯಾಲೆಂಡರ್ ಸುರುಳಿ ಹಿಡಿದು ನೋಡಿದೆ, ಅದಲ್ಲ, ಈ ಸಲ ಪ್ರೊಸೆಸರಿನದ್ದು.